‘ದೇವ್ ಡಿ’ ಮತ್ತೆ ನೋಡಿದೆ. ಈ ಸಲ ಕಾಡಿದ್ದು ಹಾಡಲ್ಲ, ಆ ಹೋಟೆಲ್ ರೂಮು

ಕಿಟಕಿ ಪಕ್ಕ:
2009ರಲ್ಲಿ ಈ ಸಿನಿಮಾ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಗೆಳತಿಯರೆಲ್ಲ ಸೇರಿ ಹೋಗಿದ್ದೆವು. ಹೊರಗೆ ಬಂದ ಮೇಲೆ ಒಂದು ವಾರ ಅದೇ ಹಾಡುಗಳನ್ನು ಗುನುಗುತ್ತಿದ್ದೆವು. ದೆಹಲಿಯ ಪಹಾಡ್‌ಗಂಜ್, ಗಲ್ಲಿ ತುಂಬ ಹೋಟೆಲ್ ಬೋರ್ಡುಗಳ ಕೆಂಪು ನೀಲಿ ಬೆಳಕು, ಆ ಬೆಳಕಿನಲ್ಲಿ ತೂರಾಡುತ್ತಾ ನಡೆಯುವ ನಾಯಕ ದೇವ್, ಅಂದರೆ ಅಭಯ್ ಡಿಯೋಲ್. ಆಗ ಅದೆಲ್ಲ ಎಷ್ಟು ಚೆನ್ನಾಗಿ ಕಂಡಿತ್ತು ಅಂದರೆ, ಅವನು ಹಾಳಾಗುತ್ತಿದ್ದಾನೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಹೋದ ವಾರ ಮತ್ತೆ ನೋಡಿದೆ. ಈ ಸಲ ಹಾಡು ಯಾವುದೂ ಮನಸ್ಸಿನಲ್ಲಿ ಉಳಿಯಲಿಲ್ಲ. ಉಳಿದದ್ದು ಒಂದೇ ದೃಶ್ಯ. ಅವನು ಪ್ರೀತಿಸಿದ್ದ, ಈಗ ಬೇರೆಯವನನ್ನು ಮದುವೆಯಾಗಿರುವ ಪಾರೋ ಅವನನ್ನು ನೋಡಲು ಹೋಟೆಲ್ ರೂಮಿಗೆ ಬರುತ್ತಾಳೆ. ರೂಮು ಗಬ್ಬೆದ್ದಿದೆ. ಅವಳು ರೂಮು ಚೊಕ್ಕ ಮಾಡುತ್ತಾಳೆ, ಅವನ ಬಟ್ಟೆ ಒಗೆಯುತ್ತಾಳೆ. ಆಮೇಲೆ ಹೊರಟುಹೋಗುತ್ತಾಳೆ.

ನನಗೆ ಅನ್ನಿಸಿದ್ದು ಇಷ್ಟು. ಕುಡಿತದ ಬಗ್ಗೆ ಈ ಸಿನಿಮಾದಲ್ಲಿ ಒಂದು ನಿಜವಾದ ದೃಶ್ಯ ಇದ್ದರೆ ಅದು ಇದೇ. ಉಳಿದದ್ದರಲ್ಲಿ ರಾತ್ರಿ ತುಂಬಾ ಚೆಂದ ಕಾಣುತ್ತದೆ, ಕೊನೆ ತುಂಬಾ ಸುಲಭವಾಗಿ ಬರುತ್ತದೆ. ದೆಹಲಿಯಲ್ಲಿ ಸಿಕ್ಕ ಚಂದಾ ಅವನಿಗೆ ಸ್ನಾನ ಮಾಡಿಸುತ್ತಾಳೆ, ಇಬ್ಬರೂ ಬೈಕ್ ಹತ್ತಿ ಹೋಗುತ್ತಾರೆ. ಅಷ್ಟೇನಾ? ನಿಮಗೆಲ್ಲ ಏನನ್ನಿಸಿತು ಹೇಳಿ.

ಹಾಡಿನ ಹುಚ್ಚು:
ಅಕ್ಕ, ನಾನು ಒಪ್ಪಲ್ಲ. ಇದು ಹಾಡುಗಳಿಂದಲೇ ಕಟ್ಟಿದ ಸಿನಿಮಾ. ಒಟ್ಟು 18 ಹಾಡು. ಸಂಗೀತ ಮಾಡಿದ ಅಮಿತ್ ತ್ರಿವೇದಿಗೆ ಇದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ನಾಯಕ ಬಾಯಿ ಆಡಿಸಿ ಹಾಡುವುದಿಲ್ಲ. ಹಾಡು ಅವನ ತಲೆಯೊಳಗೆ ನಡೆಯುತ್ತಿರುತ್ತದೆ. ದೆಹಲಿಯ ಬಾರ್‌ನಲ್ಲಿ ಅವನು ಅಮಲಿನಲ್ಲಿದ್ದಾಗ ಟ್ವಿಲೈಟ್ ಪ್ಲೇಯರ್ಸ್ ತಂಡದ ಮೂವರು ಕುಣಿಯುತ್ತಾರಲ್ಲ, ಅದನ್ನೇ ನೋಡಿ. ಅವರು ನಿಜವಾಗಿ ಅಲ್ಲಿದ್ದಾರೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ಅಮಲು ಅಂದರೆ ಅದೇ ಅಲ್ವಾ?

ರಾತ್ರಿ ಚೆಂದ ಕಾಣುತ್ತದೆ ಅನ್ನುವುದು ತಪ್ಪು ಹೇಗಾಗುತ್ತದೆ? ಕುಡಿಯುವವನಿಗೆ ಅದು ಚೆಂದ ಕಾಣುವುದಕ್ಕೇ ಅವನು ಅಲ್ಲಿಗೆ ಹೋಗುವುದು. ಸಿನಿಮಾ ಅವನ ಕಣ್ಣಿನಿಂದ ತೋರಿಸಿದೆ. ರಾಜೀವ್ ರವಿ ಕ್ಯಾಮೆರಾ ಇಲ್ಲದಿದ್ದರೆ ಇದು ಆರೋಗ್ಯ ಇಲಾಖೆಯ ಜಾಹೀರಾತು ಆಗುತ್ತಿತ್ತು.

ಲಾಸ್ಟ್ ಆರ್ಡರ್:
ನಾನು ಒಂದು ದೊಡ್ಡ ಊರಿನಲ್ಲಿ ಆರು ವರ್ಷ ಬಾರ್ ಕೌಂಟರ್ ಹಿಂದೆ ನಿಂತವನು. ಈಗ ಆ ಕೆಲಸ ಬಿಟ್ಟಿದ್ದೇನೆ. ಕೌಂಟರ್‌ನ ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಗಲಾಟೆ ಮಾಡುವವರ ಬಗ್ಗೆ ನಮಗೆ ಅಷ್ಟು ಚಿಂತೆ ಇರುತ್ತಿರಲಿಲ್ಲ. ಹತ್ತು ಜನ ಬರ್ತಾರೆ, ಕೂಗಾಡ್ತಾರೆ, ಫೋಟೋ ತೆಗೆದುಕೊಳ್ತಾರೆ, ಹೋಗ್ತಾರೆ. ಚಿಂತೆ ಇದ್ದದ್ದು ಶಟರ್ ಎತ್ತುವಾಗಲೇ ಬಂದು ನಿಲ್ಲುವ ಒಬ್ಬಂಟಿ ಗಿರಾಕಿಯ ಬಗ್ಗೆ. ಮೊದಲ ಗ್ಲಾಸು ಎತ್ತುವಾಗ ಅವನ ಕೈ ನಡುಗುತ್ತಿರುತ್ತದೆ. ಎರಡನೆಯದು ಎತ್ತುವಾಗ ನಡುಗುವುದಿಲ್ಲ. ಅದನ್ನು ನೋಡಿದರೆ ಸಾಕು, ನಮಗೆ ಗೊತ್ತಾಗಿಬಿಡುತ್ತಿತ್ತು. ಅವನು ಮಜಾಕ್ಕೆ ಕುಡಿಯುತ್ತಿಲ್ಲ. ಕೈ ನಿಲ್ಲಲಿ ಅಂತ ಕುಡಿಯುತ್ತಿದ್ದಾನೆ.

ಸಿನಿಮಾದಲ್ಲಿ ನನಗೆ ಪಕ್ಕಾ ಅನ್ನಿಸಿದ್ದು ದಲ್ಲಾಳಿ ಚುನ್ನಿಯ ಪಾತ್ರ. ದಿಬ್ಯೇಂದು ಭಟ್ಟಾಚಾರ್ಯ ಮಾಡಿದ್ದಾರಲ್ಲ, ಅವರು. ಅವನು ಕೆಟ್ಟವನ ಹಾಗೆ ಮಾತಾಡುವುದೇ ಇಲ್ಲ. ನಗುತ್ತಾ ಬರುತ್ತಾನೆ, ಜೊತೆಗೆ ನಡೆಯುತ್ತಾನೆ, ಏನು ಬೇಕು ಅಂತ ಕೇಳುತ್ತಾನೆ. ರಾತ್ರಿ ಊರಿನಲ್ಲಿ ಒಬ್ಬಂಟಿಯಾದವನಿಗೆ ಮೊದಲು ಸಿಗುವ ಗೆಳೆಯ ಅಂಥವನೇ. ಜೇಬಿನಲ್ಲಿ ದುಡ್ಡು ಇರುವ ತನಕ.

ಇನ್ನೊಂದು ಮಾತು. ಬಾರ್ ಮುಚ್ಚುವಾಗ ನಾವು ಬಣ್ಣದ ಲೈಟ್ ಆರಿಸಿ ಟ್ಯೂಬ್‌ಲೈಟ್ ಹಾಕುತ್ತೇವೆ. ಗಿರಾಕಿಗಳು ಏಳಲಿ ಅಂತ. ಆ ಕ್ಷಣ ನೋಡಬೇಕು ನೀವು. ಅಲ್ಲಿಯವರೆಗೂ ಚೆಂದ ಕಾಣುತ್ತಿದ್ದ ಗೋಡೆಯಲ್ಲಿ ತೇವದ ಕಲೆ ಕಾಣುತ್ತದೆ, ಮೇಜಿನ ಮೇಲೆ ಅಂಟು, ಎಲ್ಲರ ಮುಖದಲ್ಲೂ ಸುಸ್ತು. ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಈ ಸಿನಿಮಾ ನೀಲಿ ಕೆಂಪು ಬೆಳಕನ್ನು ಅಷ್ಟು ಚೆನ್ನಾಗಿ ತೋರಿಸಿತು, ಸರಿ. ಟ್ಯೂಬ್‌ಲೈಟನ್ನೂ ಒಂದು ಸಲ ಹಾಕಬೇಕಿತ್ತು.

ಹಾಡಿನ ಹುಚ್ಚು:
ಸರ್, ಟ್ಯೂಬ್‌ಲೈಟ್ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದನ್ನು ನಾನು ಯೋಚಿಸಿರಲೇ ಇಲ್ಲ.

ಹಳೇ ಟಾಕೀಸು:
ನನಗೆ ಅರವತ್ತು ದಾಟಿದೆ. ನಮ್ಮ ಕಾಲದವರು ‘ದೇವದಾಸ’ನನ್ನು ನೋಡಿಕೊಂಡೇ ಬೆಳೆದವರು. ಈ ಸಿನಿಮಾಕ್ಕೂ ಮೂಲವಾದ ಶರತ್‌ಚಂದ್ರರ ಆ ಕಾದಂಬರಿ ಬಂದದ್ದು 1917ರಲ್ಲಿ. 1953ರ ತೆಲುಗು ಚಿತ್ರದಲ್ಲಿ ಅಕ್ಕಿನೇನಿ ನಾಗೇಶ್ವರರಾವ್, 1955ರ ಹಿಂದಿ ಚಿತ್ರದಲ್ಲಿ ದಿಲೀಪ್ ಕುಮಾರ್, 2002ರಲ್ಲಿ ಶಾರುಖ್ ಖಾನ್. ಎಲ್ಲರೂ ಕುಡಿದರು, ಎಲ್ಲರೂ ಪಾರ್ವತಿಯ ಮನೆ ಬಾಗಿಲಿನಲ್ಲಿ ಸತ್ತರು. ನಾವು ಅತ್ತೆವು.

ಆ ಅಳು ನಮಗೆ ಏನು ಕಲಿಸಿತು ಅಂತ ಈಗ ಯೋಚಿಸುತ್ತೇನೆ. ಕುಡಿದು ಸಾಯುವವನು ದೊಡ್ಡ ಪ್ರೇಮಿ ಅಂತ ಕಲಿಸಿತು. ಹುಡುಗಿ ಒಲ್ಲೆ ಅಂದರೆ ಗಡ್ಡ ಬಿಡುವುದು, ಬಾಟಲಿ ಹಿಡಿಯುವುದು, ಅದಕ್ಕೆ ‘ದೇವದಾಸ ಆಗಿಬಿಟ್ಟ’ ಅಂತ ಹೆಸರು ಬೇರೆ. ನಮ್ಮ ಗೆಳೆಯರಲ್ಲೇ ಇಬ್ಬರು ಹಾಗೆ ಹೋದರು. ಅವರ ಸಾವಿನಲ್ಲಿ ಯಾವ ಹಾಡೂ ಇರಲಿಲ್ಲ.

ಅದಕ್ಕೇ ‘ದೇವ್ ಡಿ’ ನಿರ್ದೇಶಕ ಅನುರಾಗ್ ಕಶ್ಯಪ್ ಮಾಡಿದ ಒಂದು ಬದಲಾವಣೆಗೆ ನಾನು ಕೈಮುಗಿಯುತ್ತೇನೆ. ಅವರ ದೇವ್ ಸಾಯುವುದಿಲ್ಲ. ಪಾರೋ ಬಾಗಿಲಿಗೂ ಹೋಗಿ ಬೀಳುವುದಿಲ್ಲ. ಕೊನೆ ಸುಲಭವಾಯಿತು ಅಂತ ಕಿಟಕಿ ಪಕ್ಕದವರು ಹೇಳಿದ್ದು ನಿಜ ಇರಬಹುದಮ್ಮ. ಆದರೆ ತೊಂಬತ್ತು ವರ್ಷ ಸಾಯಿಸುತ್ತಲೇ ಬಂದ ಕಥೆಯಲ್ಲಿ ಒಬ್ಬನನ್ನು ಬದುಕಿಸುವುದು ಸಣ್ಣ ಕೆಲಸವಲ್ಲ.

ರಾತ್ರಿ ವಾರ್ಡು:
ನಾನು ನರ್ಸ್. ಚಟ ಬಿಡಿಸುವ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಹಳೇ ಟಾಕೀಸು ಸರ್, ಬದುಕಿಸಿದ್ದು ಒಳ್ಳೆಯದೇ. ಆದರೆ ಬದುಕುವುದು ಹೇಗೆ ಅಂತ ತೋರಿಸದೆ ಬಿಟ್ಟಿದ್ದರಿಂದ ತೊಂದರೆಯೂ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಲಾಸ್ಟ್ ಆರ್ಡರ್ ಅವರು ಹೇಳಿದ ಕೈ ನಡುಕ ಇದೆಯಲ್ಲ, ಅದು ಮೊದಲ ಗುರುತು. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಮದ್ಯದ ಜೊತೆಗೇ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದು ಕೆರಳುತ್ತದೆ. ಕೊನೆಯ ಗ್ಲಾಸು ಕುಡಿದು ಆರೇಳು ಗಂಟೆ ಕಳೆಯುವಷ್ಟರಲ್ಲಿ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಹರಿಯುವುದು ಕಾಣುತ್ತದೆ. ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಅದಕ್ಕೇ ನಾವು ಮಾತ್ರೆ ಕೊಟ್ಟು, ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಹೋಗುತ್ತೇವೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತೇವೆ. ತುಂಬಾ ದಿನ ಊಟ ಬಿಟ್ಟು ಕುಡಿದವರಲ್ಲಿ ಆ ವಿಟಮಿನ್ ಖಾಲಿಯಾಗಿರುತ್ತದೆ. ಅದಿಲ್ಲದಿದ್ದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು.

ಇದೆಲ್ಲ ಆದ ಮೇಲೆ ಶುರುವಾಗುವುದೇ ನಿಜವಾದ ಕೆಲಸ. ನಿದ್ದೆ ಬರದ ವಾರಗಳು. ಸಂಜೆ ಆರು ಗಂಟೆಗೆ ಏನು ಮಾಡಬೇಕು ಅಂತ ತಿಳಿಯದೆ ಕೂರುವುದು. ಮತ್ತೆ ಕುಡಿಯುವುದು, ಮತ್ತೆ ವಾರ್ಡಿಗೆ ಬರುವುದು. ಮರಳಿ ಬಂದವರನ್ನು ನಾನು ಯಾವತ್ತೂ ಬೈದಿಲ್ಲ. ಮರಳಿ ಬಂದರು ಅಂದರೆ ಇನ್ನೂ ಬಿಡುವ ಆಸೆ ಇದೆ ಅಂತ ಅರ್ಥ.

ದೇವ್ ಕಥೆಯಲ್ಲಿ ನನಗೆ ಎದ್ದು ಕಂಡದ್ದು ಒಂದೇ. ಅಷ್ಟು ಜನ ಅವನ ಸುತ್ತ ಓಡಾಡುತ್ತಾರೆ, ಒಬ್ಬರಿಗೂ ಇವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅನ್ನಿಸುವುದಿಲ್ಲ. ಆ ಕಥೆ ನಡೆಯುವ ದೆಹಲಿಯ ಪಕ್ಕದಲ್ಲೇ, ಗಾಜಿಯಾಬಾದ್‌ನಲ್ಲಿ, ಏಮ್ಸ್‌ನವರ ದೊಡ್ಡ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಸಿನಿಮಾವನ್ನು ಮಾತ್ರ ದೂರುತ್ತಿಲ್ಲ. ನಮ್ಮ ಮನೆಗಳಲ್ಲೂ ಹಾಗೇ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದ ತೊಂದರೆಗೆ ಸಹಾಯ ಬೇಕು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಫುಟ್‌ಪಾತ್:
ನೀವೆಲ್ಲ ದೇವ್ ಬಗ್ಗೆ ಇಷ್ಟು ಮರುಗುತ್ತಿದ್ದೀರಿ. ಅವನ ಕಾರಿನ ಕೆಳಗೆ ಸತ್ತವರು ಯಾರಿಗೂ ನೆನಪಿಲ್ಲವಾ? ಅಮಲಿನಲ್ಲಿ ಕಾರು ಓಡಿಸಿ ಜನರನ್ನು ಕೊಂದವನು ಅವನು. 1999ರಲ್ಲಿ ದೆಹಲಿಯಲ್ಲಿ ಅಂಥದ್ದೇ ನಿಜವಾಗಿ ನಡೆದಿತ್ತು, ಆರು ಜನ ಸತ್ತಿದ್ದರು. ಸಿನಿಮಾದಲ್ಲಿ ಅದು ಅವನ ಕಥೆಯ ಒಂದು ತಿರುವು, ಅಷ್ಟೇ. ಸತ್ತವರ ಮನೆ ತೋರಿಸುವುದಿಲ್ಲ. ಅಪ್ಪನ ದುಡ್ಡು ಇದ್ದವನ ಚಟಕ್ಕೆ ನೀಲಿ ಬೆಳಕು, ಹಾಡು. ಕೂಲಿ ಮಾಡುವವನು ಕುಡಿದು ರಸ್ತೆಯಲ್ಲಿ ಬಿದ್ದರೆ ನಾವು ದಾಟಿಕೊಂಡು ಹೋಗುತ್ತೇವೆ. ನನಗೆ ಸಿನಿಮಾ ಇಷ್ಟ ಆಗಲಿಲ್ಲ.

ಹಳೇ ಟಾಕೀಸು:
ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ.

ಕಿಟಕಿ ಪಕ್ಕ:
ನರ್ಸ್ ಅಕ್ಕ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ಮೊದಲು ಬರೆದಾಗ ಒಂದು ವಿಷಯ ಬಿಟ್ಟಿದ್ದೆ. ಈಗ ಬರೆಯುತ್ತೇನೆ.

ನನ್ನ ಅಣ್ಣ ಕೆಲಸಕ್ಕೆ ಅಂತ ದೊಡ್ಡ ಊರಿಗೆ ಹೋದ. ರಾತ್ರಿ ಪಾಳಿ. ಮುಂಜಾನೆ ಕೆಲಸ ಮುಗಿಸಿ ಎಲ್ಲರೂ ಸೇರಿ ಕುಡಿಯುವುದು, ವಾರದ ಕೊನೆಯಲ್ಲಿ ಕ್ಲಬ್ಬಿಗೆ ಹೋಗುವುದು. ಮೊದಮೊದಲು ಅವನು ಕಳಿಸುತ್ತಿದ್ದ ಫೋಟೋಗಳಲ್ಲಿ ಎಷ್ಟು ಖುಷಿಯಾಗಿದ್ದ ಅಂದರೆ, ನನಗೂ ಅಲ್ಲಿಗೆ ಹೋಗಬೇಕು ಅನ್ನಿಸುತ್ತಿತ್ತು. ಆಮೇಲೆ ಫೋಟೋ ಬರುವುದು ನಿಂತಿತು. ಫೋನು ಎತ್ತುವುದು ನಿಂತಿತು. ಒಂದು ದಿನ ಅಮ್ಮ ಅತ್ತಿದ್ದಕ್ಕೆ ನಾನೇ ಬಸ್ಸು ಹತ್ತಿ ಹೋದೆ.

ಅವನ ರೂಮಿನ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ನಾನು ಬರೆಯುವುದಿಲ್ಲ. ಕಿಟಕಿಗೆ ಪೇಪರ್ ಅಂಟಿಸಿದ್ದ, ಹಗಲು ಒಳಗೆ ಬರಬಾರದು ಅಂತ. ನಾನು ಏನೂ ಮಾತಾಡಲಿಲ್ಲ. ಬಕೆಟ್ ತಂದೆ. ಒರೆಸಿದೆ. ಬಟ್ಟೆ ಒಗೆದೆ. ಬಾಟಲಿಗಳನ್ನು ಗೋಣಿಚೀಲಕ್ಕೆ ತುಂಬಿ ಮೂರು ಸಲ ಕೆಳಗೆ ಇಳಿಸಿದೆ. ಅವನು ಮಂಚದ ಮೇಲೆ ಕೂತು ನೋಡುತ್ತಿದ್ದ. ಆಮೇಲೆ ಎರಡು ತಿಂಗಳಿಗೊಮ್ಮೆ ಹೋಗಿ ಅದನ್ನೇ ಮಾಡಿದೆ. ಎರಡು ವರ್ಷ.

2009ರಲ್ಲಿ ಆ ದೃಶ್ಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈ ಸಲ ಪಾರೋ ಗುಡಿಸಲು ಶುರು ಮಾಡಿದಾಗ ನನ್ನ ಕೈಗೆ ಫಿನಾಯಿಲ್ ವಾಸನೆ ಬಂದ ಹಾಗಾಯಿತು. ಗುಡಿಸಿದ ಮೇಲೆ ಅವಳು ಹೋದಳಲ್ಲ, ಅದನ್ನು ನಾನು ಮಾಡಲಾಗಲಿಲ್ಲ. ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದೂ ನನಗೆ ಹೊಳೆಯಲಿಲ್ಲ. ರೂಮು ಚೊಕ್ಕವಾದರೆ ಅವನೂ ಚೊಕ್ಕ ಆಗುತ್ತಾನೆ ಅಂದುಕೊಂಡಿದ್ದೆ.

ರಾತ್ರಿ ವಾರ್ಡು:
ತಂಗಿ, ಅಣ್ಣ ಈಗ ಹೇಗಿದ್ದಾರೆ?

ಕಿಟಕಿ ಪಕ್ಕ:
ಇದ್ದಾನೆ ಅಕ್ಕ. ಊರಲ್ಲೇ ಇದ್ದಾನೆ. ಎರಡು ಸಲ ಸೇರಿಸಿದೆವು, ಎರಡು ಸಲವೂ ಮತ್ತೆ ಶುರು ಮಾಡಿದ. ಈಗ ಮೂರನೆಯ ಸಲ, ಐದು ತಿಂಗಳಾಗಿದೆ. ಬೆಳಿಗ್ಗೆ ಬೇಗ ಏಳುತ್ತಾನೆ. ಜಾಸ್ತಿ ಮಾತಿಲ್ಲ.

ನಾನೂರು ದಿನ:
ನಾನು ಇಲ್ಲಿಯವರೆಗೂ ಓದುತ್ತಿದ್ದೆ ಅಷ್ಟೇ. ಈಗ ಬರೆಯಲೇಬೇಕು ಅನ್ನಿಸಿತು. ನಾನು ಕುಡಿತ ಬಿಟ್ಟು 400 ದಿನ ದಾಟಿದೆ.

ಹಾಡಿನ ಹುಚ್ಚು ಗೆಳೆಯರೇ, ನಿಮಗೆ ಒಂದು ಮಾತು. ಬೇಸರಪಡಿಸಲು ಅಲ್ಲ. ಈ ಸಿನಿಮಾ ಹಾಡುಗಳು ನನಗೂ ಪ್ರಾಣ. ಬಿಟ್ಟ ಮೂರನೇ ತಿಂಗಳಲ್ಲಿ ಒಂದು ರಾತ್ರಿ ನಿದ್ದೆ ಬರದೆ ಈ ಸಿನಿಮಾ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಬಾಯಲ್ಲಿ ನೀರೂರಿತು. ನಿಜವಾಗಿ ನೀರೂರಿತು, ಮಾತಿಗೆ ಹೇಳುತ್ತಿಲ್ಲ. ಅವನು ವೋಡ್ಕಾ ಬಾಟಲಿ ಎತ್ತುತ್ತಾನೆ, ನನ್ನ ಗಂಟಲು ಒಣಗುತ್ತದೆ. ಡ್ರಮ್ಸ್ ಶುರುವಾಗುತ್ತದೆ, ನನ್ನ ಕಾಲು ಚಪ್ಪಲಿ ಹುಡುಕುತ್ತದೆ. ಬಾಗಿಲ ಚಿಲಕದ ಮೇಲೆ ಕೈ ಇಟ್ಟಿದ್ದೆ. ಹೆಂಡತಿ ಎದ್ದು ಬಂದು ಏನು ಅಂತ ಕೇಳಿದಳು. ಟಿವಿ ಆಫ್ ಮಾಡು ಅಂದೆ.

ಆಮೇಲೆ ನನ್ನ ಡಾಕ್ಟರು ವಿವರಿಸಿದರು. ಕುಡಿಯುವಾಗ ಸುತ್ತ ಇದ್ದದ್ದನ್ನೆಲ್ಲ ಮೆದುಳು ಕುಡಿತದ ಜೊತೆಗೇ ಗಂಟು ಹಾಕಿಟ್ಟುಕೊಂಡಿರುತ್ತದಂತೆ. ಬೆಳಕು, ಹಾಡು, ಗ್ಲಾಸಿನ ಸದ್ದು, ಶುಕ್ರವಾರದ ಸಂಜೆ. ಅದರಲ್ಲಿ ಒಂದು ಕಂಡರೂ ಸಾಕು, ಮೆದುಳು ಮುಂದಿನದಕ್ಕೆ ಕೈಚಾಚುತ್ತದೆ. ಬಿಟ್ಟು ಎಷ್ಟೋ ತಿಂಗಳಾದ ಮೇಲೂ ಹೀಗಾಗಬಹುದಂತೆ. ಅದಕ್ಕೆ ನಾನು ದಿನಾ ಮನೆಗೆ ಬರುವ ದಾರಿಯನ್ನೇ ಬದಲಾಯಿಸಿದ್ದೇನೆ.

ಹಾಗಾಗಿ ಕುಡಿಯುವವನ ಕಣ್ಣಿನಿಂದ ತೋರಿಸಿದೆ ಅನ್ನುವುದು ನಿಜ, ನೂರಕ್ಕೆ ನೂರು. ನನ್ನಂಥವರಿಗೆ ಅದೇ ಕಷ್ಟ.

ಹಾಡಿನ ಹುಚ್ಚು:
ಅಣ್ಣ, ಆ ರಾತ್ರಿ ಬಾಗಿಲಿನಿಂದ ವಾಪಸ್ ಬಂದಿರಲ್ಲ, ದೊಡ್ಡದು. ನನಗೆ ಹಾಡು ಹಾಡಾಗಿಯೇ ಕೇಳಿಸುತ್ತಿತ್ತು. ಅದೇ ಹಾಡು ಇನ್ನೊಬ್ಬರ ಕೈಯನ್ನು ಚಿಲಕದ ಮೇಲೆ ಇಡಿಸಬಹುದು ಅಂತ ಅಂದುಕೊಂಡೇ ಇರಲಿಲ್ಲ. ಆದರೂ ಈ ಸಿನಿಮಾ ಹೀಗೆ ಬರಬಾರದಿತ್ತು ಅಂತ ಹೇಳಲು ಮನಸ್ಸು ಬರುತ್ತಿಲ್ಲ. ಇಷ್ಟು ಜನ ಇಷ್ಟು ಬಿಚ್ಚಿ ಮಾತಾಡುತ್ತಿರುವುದೂ ಇದೇ ಸಿನಿಮಾದಿಂದ ಅಲ್ವಾ.

ನಾನೂರು ದಿನ:
ಬರಬಾರದಿತ್ತು ಅಂತ ನಾನೂ ಹೇಳಲ್ಲ ಗೆಳೆಯ. ನಾನು ಒಬ್ಬನೇ ಕೂತು ರಾತ್ರಿ ಎರಡು ಗಂಟೆಗೆ ನೋಡಬಾರದಿತ್ತು.

ಬೆಳಗಿನ ಕ್ಲಾಸು:
ಚಂದಾ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಈ ಸಿನಿಮಾ ಅವಳದ್ದೇ.

ಚಂದಾ ಪಾತ್ರ ಮಾಡಿದ ಕಲ್ಕಿಗೆ ಇದು ಮೊದಲ ಸಿನಿಮಾ, ಫಿಲಂಫೇರ್ ಕೂಡ ಬಂತು. ಆ ಪಾತ್ರದ ಹಿಂದಿನ ಕಥೆ 2004ರಲ್ಲಿ ದೆಹಲಿಯಲ್ಲಿ ನಡೆದ ಎಂಎಂಎಸ್ (ಮೊಬೈಲ್ ವಿಡಿಯೋ) ಪ್ರಕರಣವನ್ನು ನೆನಪಿಸುತ್ತದೆ. ಸ್ಕೂಲಿನ ಹುಡುಗಿ, ಅವಳ ವಿಡಿಯೋ ಊರೆಲ್ಲ ಹರಡುತ್ತದೆ. ಅಪ್ಪ ಅದನ್ನು ನೋಡಿದ್ದು ಗೊತ್ತಾಗುತ್ತದೆ, ಆಮೇಲೆ ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ತಪ್ಪು ಮಾಡಿದ ಹುಡುಗ ಕಥೆಯಿಂದ ಆಚೆ ನಡೆದುಬಿಡುತ್ತಾನೆ, ಹೆಸರು ಕೆಟ್ಟಿದ್ದು ಹುಡುಗಿಯದ್ದು ಮಾತ್ರ. ಯಾರೂ ಜೊತೆಗಿಲ್ಲದ ಹುಡುಗಿಗೆ ದೊಡ್ಡ ಊರು ಬಾಗಿಲು ತೆಗೆಯುವುದು ರಾತ್ರಿ ಹೊತ್ತು. ಅವಳು ರಾತ್ರಿ ಮೈ ಮಾರುವ ಕೆಲಸ, ಹಗಲು ಕಾಲೇಜು ಅಂತ ಎರಡನ್ನೂ ಹಿಡಿದುಕೊಂಡು ನಿಲ್ಲುತ್ತಾಳೆ. ದೇವ್‌ಗಿಂತ ನೂರು ಪಾಲು ಜಾಸ್ತಿ ಪೆಟ್ಟು ತಿಂದವಳು ಬಾಟಲಿ ಹಿಡಿಯಲಿಲ್ಲ. ಪುಸ್ತಕ ಹಿಡಿದಳು.

ಆಮೇಲೆ ಸಿನಿಮಾ ಅವಳಿಗೆ ಏನು ಕೊಟ್ಟಿತು? ತೂರಾಡುವ ಒಬ್ಬನನ್ನು ತೊಳೆದು ನಿಲ್ಲಿಸುವ ಕೆಲಸ ಕೊಟ್ಟಿತು. ಪಾರೋ ರೂಮು ತೊಳೆದಳು, ಚಂದಾ ಅವನನ್ನು ತೊಳೆದಳು. ಕಿಟಕಿ ಪಕ್ಕ ಅಕ್ಕ, ನೀವು ಎರಡು ವರ್ಷ ಬಾಟಲಿ ಇಳಿಸಿದಿರಿ. ಎಲ್ಲ ಕಡೆ ಬಕೆಟ್ ಹಿಡಿದವರು ನಾವೇ. ಬೈಕಿನಲ್ಲಿ ಹೋದ ಮೇಲೆ ಚಂದಾ ಪರೀಕ್ಷೆ ಬರೆದಳಾ ಅಂತ ನನಗೆ ತಿಳಿಯಬೇಕು.

ಕಿಟಕಿ ಪಕ್ಕ:
ನನಗೂ.

ಹೊಸ ಓದುಗ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಸಿನಿಮಾ ನೋಡಿಲ್ಲ. ನನ್ನ ಭಾವ ನಿನ್ನೆಯಿಂದ ಕುಡಿಯುವುದಿಲ್ಲ ಅಂತ ದೇವರ ಮುಂದೆ ಆಣೆ ಮಾಡಿದ್ದಾರೆ. ಹತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದವರು. ಈವತ್ತು ಬೆಳಿಗ್ಗೆಯಿಂದ ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ. ನರ್ಸ್ ಮೇಡಂ ಬರೆದದ್ದು ಓದಿ ಭಯ ಆಯಿತು. ಅಕ್ಕ ಖುಷಿಯಲ್ಲಿದ್ದಾಳೆ, ಹೇಗೆ ಹೇಳಲಿ?

ರಾತ್ರಿ ವಾರ್ಡು:
ಕಾಯಬೇಡಿ. ಈಗಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಾದರೂ ಸರಿ, ರಾತ್ರಿಯಾದರೂ ಸರಿ. ದಿನಾ ಎಷ್ಟು ಕುಡಿಯುತ್ತಿದ್ದರು, ಕೊನೆಯದಾಗಿ ಎಷ್ಟು ಗಂಟೆಗೆ ಕುಡಿದರು, ಮೊದಲು ಯಾವಾಗಾದರೂ ಫಿಟ್ಸ್ ಬಂದಿತ್ತಾ, ಇದಿಷ್ಟನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಒಬ್ಬರನ್ನೇ ಬಿಡಬೇಡಿ. ಮಲಗಿಸುವುದಾದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ.

ಅಕ್ಕನಿಗೆ ಹೀಗೆ ಹೇಳಿ: ಆಣೆ ಮುರಿಯಲು ಹೋಗುತ್ತಿಲ್ಲ, ಆಣೆ ಉಳಿಸಿಕೊಳ್ಳಲು ಹೋಗುತ್ತಿದ್ದೇವೆ. ಆಮೇಲೆ ಮುಂದಿನ ದಾರಿಗೆ 14446ಕ್ಕೆ ಫೋನ್ ಮಾಡಿ, ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಆದರೆ ಮೊದಲು ಆಸ್ಪತ್ರೆ.

ಲಾಸ್ಟ್ ಆರ್ಡರ್:
ಹೊಸ ಓದುಗ, ಹೊರಟಿರಾ?

ಹೊಸ ಓದುಗ:
ಆಟೋ ಬಂತು. ಅಕ್ಕನೂ ಬರುತ್ತಿದ್ದಾಳೆ.